ಗಡಿ ದಾಟಿದ್ದು ಮಾತ್ರೆ, ಆರೋಪಿಯಲ್ಲ

2025ರ ಫೆಬ್ರುವರಿ 13ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗವರ್ನರ್ ಕ್ಯಾಥಿ ಹೋಚುಲ್ ಅವರು ಲೂಸಿಯಾನ ರಾಜ್ಯದಿಂದ ಬಂದಿದ್ದ ಹಸ್ತಾಂತರ ಕೋರಿಕೆಯನ್ನು ತಿರಸ್ಕರಿಸಿದರು. ಅದಕ್ಕೆ ಎರಡು ವಾರ ಮೊದಲು ಲೂಸಿಯಾನದ ವೆಸ್ಟ್ ಬ್ಯಾಟನ್ ರೂಜ್‌ನ ಗ್ರ್ಯಾಂಡ್ ಜ್ಯೂರಿ ನ್ಯೂಯಾರ್ಕಿನ ವೈದ್ಯೆಯೊಬ್ಬರ ಮೇಲೆ ದೋಷಾರೋಪ ಹೊರಿಸಿತ್ತು. ಗರ್ಭಪಾತಕ್ಕೆ ಬಹುಮಟ್ಟಿಗೆ ನಿಷೇಧವಿರುವ ಲೂಸಿಯಾನದ ಅಪ್ರಾಪ್ತ ಬಾಲಕಿಗಾಗಿ, ಆಕೆಯ ತಾಯಿಯ ಬೇಡಿಕೆಯ ಮೇರೆಗೆ ಗರ್ಭಪಾತದ ಮಾತ್ರೆಗಳನ್ನು ದೂರದಿಂದಲೇ ಶಿಫಾರಸು ಮಾಡಿ ಕಳುಹಿಸಿಕೊಟ್ಟರೆಂಬುದು ಆರೋಪ. ಲೂಸಿಯಾನದ ಗವರ್ನರ್ ಜೆಫ್ ಲ್ಯಾಂಡ್ರಿ ಕೋರಿಕೆಗೆ ಸಹಿ ಹಾಕಿ ಕಳುಹಿಸಿದ ಬೆನ್ನಲ್ಲೇ ಹೋಚುಲ್ ಅವರ ನಿರಾಕರಣೆಯೂ ಹೊರಬಿತ್ತು.

ಅದೇ ದಿನ ಟೆಕ್ಸಾಸ್‌ನ ನ್ಯಾಯಾಲಯವೊಂದು ಇದೇ ವೈದ್ಯೆಗೆ ಮತ್ತೊಂದು ಸಿವಿಲ್ ಪ್ರಕರಣದಲ್ಲಿ ಒಂದು ಲಕ್ಷ ಡಾಲರಿಗೂ ಮಿಗಿಲಾದ ದಂಡ ವಿಧಿಸಿತು. ಆ ತೀರ್ಪನ್ನು ನ್ಯೂಯಾರ್ಕಿನಲ್ಲಿ ಜಾರಿಗೊಳಿಸಲು ಟೆಕ್ಸಾಸ್ ಮುಂದಾದಾಗ, ಅಲ್ಲಿನ ಅಲ್ಸ್ಟರ್ ಕೌಂಟಿಯ ದಾಖಲೆ ಅಧಿಕಾರಿ ಕಾಗದಗಳನ್ನು ಸ್ವೀಕರಿಸಲೇ ಇಲ್ಲ.

ಗರ್ಭಪಾತದ ಪರ-ವಿರೋಧದ ವಾದಗಳು ಅಮೆರಿಕದಲ್ಲಿ ಅರ್ಧ ಶತಮಾನದಿಂದ ನಡೆದೇ ಇವೆ. ಆದರೆ ಈ ಪ್ರಕರಣ ಎತ್ತಿರುವ ಪ್ರಶ್ನೆ ಅದಕ್ಕಿಂತ ಹಳೆಯದು. ಒಂದು ರಾಜ್ಯದಲ್ಲಿ ಅಪರಾಧವೆನಿಸಿದ ಕೃತ್ಯವು ಮತ್ತೊಂದು ರಾಜ್ಯದಲ್ಲಿ ಹಕ್ಕಾಗಿದ್ದರೆ, ನಡುವಿನ ಗಡಿಯಲ್ಲಿ ನಿಂತ ಪ್ರಜೆಯನ್ನು ಸಂವಿಧಾನ ಯಾರ ಕೈಗೆ ಕೊಡುತ್ತದೆ? ಉತ್ತರ ಒಂದೇ ಕ್ರಿಯಾಪದದ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಒಂದೇ ಸೂರಿನಡಿ ಮೂರು ಮಾತು

1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದ ನಾಲ್ಕನೇ ವಿಧಿಯ ಎರಡನೇ ಭಾಗ ಬಹಳ ಚಿಕ್ಕದು. ಮೂರೇ ವಾಕ್ಯಖಂಡಗಳು. ಒಂದು ರಾಜ್ಯದ ಪ್ರಜೆಗೆ ಉಳಿದ ರಾಜ್ಯಗಳಲ್ಲಿಯೂ ಅಲ್ಲಿನ ಪ್ರಜೆಗಳಿಗಿರುವ ಸವಲತ್ತು, ವಿನಾಯಿತಿಗಳು ದೊರೆಯಬೇಕೆಂಬುದು ಮೊದಲನೆಯದು. ಯಾವುದೇ ಅಪರಾಧದ ಆರೋಪ ಹೊತ್ತು, ನ್ಯಾಯದ ಕೈಯಿಂದ ಓಡಿಹೋಗಿ ಬೇರೆ ರಾಜ್ಯದಲ್ಲಿ ಸಿಕ್ಕವನನ್ನು, ಆತ ಓಡಿಬಂದ ರಾಜ್ಯದ ಕಾರ್ಯಾಂಗ ಕೇಳಿದಾಗ ಒಪ್ಪಿಸಬೇಕೆಂಬುದು ಎರಡನೆಯದು. ಮೂರನೆಯದು ದುಡಿಮೆಗೆ ಕಟ್ಟುಬಿದ್ದು ತಪ್ಪಿಸಿಕೊಂಡವರನ್ನು ಮಾಲೀಕರಿಗೆ ಹಿಂದಿರುಗಿಸಬೇಕೆಂಬುದು. ಗುಲಾಮ ಎಂಬ ಪದವನ್ನು ಬಳಸದೆಯೇ ಗುಲಾಮರ ಬಗ್ಗೆ ಬರೆದ ಸಾಲು ಅದು. 1865ರಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಅದು ಸತ್ತ ಸಾಲಾಯಿತು.

ಪ್ರಜೆಯ ಹಕ್ಕು, ಆರೋಪಿಯ ಹಸ್ತಾಂತರ, ಗುಲಾಮನ ವಾಪಸಾತಿ ಈ ಮೂರೂ ಅಕ್ಕಪಕ್ಕದಲ್ಲಿ ಕುಳಿತಿರುವುದು ಆಕಸ್ಮಿಕವಲ್ಲ. ಹದಿಮೂರು ಸ್ವತಂತ್ರ ಸಂಸ್ಥಾನಗಳಂತಿದ್ದ ರಾಜ್ಯಗಳನ್ನು ಒಂದು ದೇಶವನ್ನಾಗಿ ಹೊಲಿಯಲು ಬೇಕಾಗಿದ್ದ ದಾರ ಅದು. ಮೂರನೆಯ ಎಳೆ ಹೋದ ಮೇಲೂ ಉಳಿದೆರಡರ ಮೇಲೆ ಅದರ ಬಣ್ಣ ಹಾಗೆಯೇ ಉಳಿಯಿತು.

ಮೊದಲ ಜಗಳವೇ ಅದಕ್ಕೆ ಸಾಕ್ಷಿ. ಪೆನ್ಸಿಲ್ವೇನಿಯಾದ ಕಾನೂನಿನಂತೆ ಸ್ವತಂತ್ರನಾಗಿದ್ದ ಜಾನ್ ಡೇವಿಸ್ ಎಂಬ ಕಪ್ಪುವರ್ಣೀಯನನ್ನು 1788ರಲ್ಲಿ ಮೂವರು ಬಲವಂತದಿಂದ ವರ್ಜೀನಿಯಾಕ್ಕೆ ಒಯ್ದರು. ಅಪಹರಣಕಾರರನ್ನು ಒಪ್ಪಿಸುವಂತೆ ಪೆನ್ಸಿಲ್ವೇನಿಯಾದ ಗವರ್ನರ್ ಥಾಮಸ್ ಮಿಫ್ಲಿನ್ 1791ರಲ್ಲಿ ಕೇಳಿದಾಗ ವರ್ಜೀನಿಯಾದ ಗವರ್ನರ್ ಒಪ್ಪಲಿಲ್ಲ. ದೂರು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರವರೆಗೆ ಹೋಯಿತು. ಕಾಂಗ್ರೆಸ್ 1793ರಲ್ಲಿ ಕಾಯ್ದೆಯೊಂದನ್ನು ಮಾಡಿತು. ಆದರೆ ಅದೇ ಕಾಯ್ದೆಯೊಳಗೆ ಓಡಿಹೋದ ಗುಲಾಮರನ್ನು ಹಿಡಿದು ತರುವ ವಿಧಾನವನ್ನೂ ಸೇರಿಸಲಾಯಿತು. ಡೇವಿಸ್‌ಗೆ ಬಿಡುಗಡೆ ಸಿಗಲಿಲ್ಲ. ಆ ಮೂವರು ಪೆನ್ಸಿಲ್ವೇನಿಯಾದ ನ್ಯಾಯಾಲಯದ ಮೆಟ್ಟಿಲು ಹತ್ತಲೂ ಇಲ್ಲ. ಸ್ವತಂತ್ರನ ರಕ್ಷಣೆಗೆಂದು ಕೇಳಿದ ಕಾನೂನು ಗುಲಾಮರ ಬೇಟೆಗೆ ಒದಗಿತು.

ಪ್ರಜೆಯ ಹಕ್ಕಿನ ಸಾಲೂ ಈ ನೆರಳಿನಿಂದ ಹೊರಗಿರಲಿಲ್ಲ. 1857ರ ಕುಖ್ಯಾತ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಕಪ್ಪುವರ್ಣೀಯರು ಪ್ರಜೆಗಳಲ್ಲವೆಂದು ಘೋಷಿಸಿದರು. ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು ಗಮನಾರ್ಹ. ಅವರನ್ನು ಪ್ರಜೆಗಳೆಂದು ಒಪ್ಪಿದರೆ ಅವರು ಮನಬಂದಾಗ ಯಾವ ರಾಜ್ಯಕ್ಕಾದರೂ ಹೋಗಬಹುದು, ಸಭೆ ಸೇರಬಹುದು, ಮಾತನಾಡಬಹುದು ಎಂಬುದೇ ಅವರ ಆತಂಕವಾಗಿತ್ತು. ಈ ಸಾಲಿನ ನಿಜವಾದ ಶಕ್ತಿಯನ್ನು ಟೇನಿ ಸರಿಯಾಗಿಯೇ ಅರಿತಿದ್ದರು. ಅರಿತೇ ಬಾಗಿಲು ಮುಚ್ಚಿದರು.

ಸಿಗಡಿ, ಕಡವೆ ಮತ್ತು ವಕೀಲಿ

ಅಂತರ್ಯುದ್ಧದ ನಂತರ ಆ ಬಾಗಿಲು ನಿಧಾನವಾಗಿ ತೆರೆಯಿತು. ರಾಜ್ಯ ಬಿಟ್ಟು ಹೊರಡುವ ಪ್ರತಿ ಪ್ರಯಾಣಿಕನ ಮೇಲೆ ನೆವಾಡ ಹೇರಿದ್ದ ಒಂದು ಡಾಲರ್ ತೆರಿಗೆಯನ್ನು 1868ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಬಡವರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧವೆಂದಿದ್ದ ಕ್ಯಾಲಿಫೋರ್ನಿಯದ ಕಾನೂನು 1941ರಲ್ಲಿ ಬಿತ್ತು. ಕೆಲಸವಿಲ್ಲದ ಭಾವಮೈದುನನನ್ನು ಟೆಕ್ಸಾಸ್‌ನಿಂದ ಕರೆತಂದವನೊಬ್ಬನಿಗೆ ಅಲ್ಲಿಯವರೆಗೆ ಆ ಕಾನೂನಿನಡಿ ಶಿಕ್ಷೆಯಾಗಿತ್ತು.

ಮೊದಲ ವಾಕ್ಯಖಂಡದ ಮೇಲಿನ ಮೊಕದ್ದಮೆಗಳನ್ನು ಓದುವಾಗ ದೊಡ್ಡ ತತ್ತ್ವಗಳು ಎಷ್ಟು ಸಣ್ಣ ವ್ಯವಹಾರಗಳಲ್ಲಿ ಹುಟ್ಟುತ್ತವೆಂಬುದು ಕಾಣುತ್ತದೆ. ದಕ್ಷಿಣ ಕ್ಯಾರೊಲಿನಾ ಸಿಗಡಿ ಹಿಡಿಯುವ ದೋಣಿಗೆ ಸ್ಥಳೀಯರಿಂದ 25 ಡಾಲರ್, ಹೊರಗಿನವರಿಂದ 2,500 ಡಾಲರ್ ಶುಲ್ಕ ಕೇಳುತ್ತಿತ್ತು. 1948ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮೊಂಟಾನಾ ರಾಜ್ಯ ಕಡವೆಯ ಜಾತಿಯ ಎಲ್ಕ್ ಬೇಟೆಗೆ ಹೊರಗಿನವರಿಂದ ಹಲವು ಪಟ್ಟು ಹೆಚ್ಚು ಶುಲ್ಕ ವಸೂಲು ಮಾಡಿದ್ದನ್ನು ಮಾತ್ರ 1978ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಹೊಟ್ಟೆಪಾಡಿನ ದುಡಿಮೆಯಲ್ಲಿ ಭೇದ ಸಲ್ಲದು, ಮೋಜಿನ ಬೇಟೆಯಲ್ಲಿ ಆಗಬಹುದು ಎಂಬುದು ಸಾರ. ನ್ಯೂ ಹ್ಯಾಂಪ್‌ಷೈರ್‌ನ ಗಡಿಯಿಂದ ಕೇವಲ 400 ಗಜ ಆಚೆ, ವರ್ಮಾಂಟ್‌ನಲ್ಲಿ ಮನೆ ಮಾಡಿದ್ದ ಮಹಿಳೆಗೆ ವಕೀಲಿ ಸನ್ನದು ನಿರಾಕರಿಸಿದ್ದು ತಪ್ಪೆಂದು 1985ರಲ್ಲಿ ತೀರ್ಪಾಯಿತು. ಹೊಸದಾಗಿ ವಲಸೆ ಬಂದವರಿಗೆ ಮೊದಲ ವರ್ಷ ಕಡಿಮೆ ಕಲ್ಯಾಣ ಭತ್ಯೆ ಕೊಡುತ್ತಿದ್ದ ಕ್ಯಾಲಿಫೋರ್ನಿಯದ ಕ್ರಮವನ್ನು 1999ರಲ್ಲಿ, 14ನೇ ತಿದ್ದುಪಡಿಯ ಆಧಾರದ ಮೇಲೆ, ರದ್ದುಪಡಿಸಲಾಯಿತು.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಪರಿಚಿತ ಪ್ರತಿಧ್ವನಿ ಕೇಳಿಸೀತು. ತೈಲ ಮತ್ತು ಅನಿಲ ಯೋಜನೆಗಳಲ್ಲಿ ಸ್ಥಳೀಯರಿಗೇ ಮೊದಲು ಉದ್ಯೋಗ ಕೊಡಬೇಕೆಂದು ಅಲಾಸ್ಕ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಒಮ್ಮತದಿಂದ ರದ್ದುಗೊಳಿಸಿತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ ಶೇಕಡ 70 ಪಾಲನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ನಮ್ಮ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ನೀಡಿ, ಉದ್ಯಮಿಗಳ ಆಕ್ಷೇಪದ ನಂತರ ತಡೆಹಿಡಿಯಿತಷ್ಟೆ. ಹರಿಯಾಣದ ಇಂಥದೇ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ಅಸಾಂವಿಧಾನಿಕವೆಂದಿತ್ತು. ಎರಡು ಸಂವಿಧಾನಗಳ ಪದಗಳು ಬೇರೆ, ತೊಡಕು ಒಂದೇ.

ಕರ್ತವ್ಯ ಉಂಟು, ಕೋಲಿಲ್ಲ

ಇನ್ನು ಓಡಿಹೋದವರ ವಿಷಯ. ಬಹುಪಾಲು ಪ್ರಕರಣಗಳಲ್ಲಿ ಹಸ್ತಾಂತರವೆಂಬುದು ಸದ್ದುಗದ್ದಲವಿಲ್ಲದ ಕಚೇರಿ ಕೆಲಸ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಆರೋಗ್ಯ ವಿಮಾ ಕಂಪೆನಿಯೊಂದರ ಮುಖ್ಯಸ್ಥರನ್ನು ಗುಂಡಿಟ್ಟು ಕೊಂದ ಪ್ರಕರಣದ ಆರೋಪಿ 9ರಂದು ಪೆನ್ಸಿಲ್ವೇನಿಯಾದ ತಿನಿಸಿನಂಗಡಿಯಲ್ಲಿ ಸೆರೆಸಿಕ್ಕ. 19ರಂದು ತನ್ನ ಆಕ್ಷೇಪಣೆಯ ಹಕ್ಕನ್ನು ಬಿಟ್ಟುಕೊಟ್ಟ ಕೂಡಲೇ ಅದೇ ದಿನ ನ್ಯೂಯಾರ್ಕಿಗೆ ಸಾಗಿಸಲಾಯಿತು. ಆಕ್ಷೇಪವೆತ್ತಿದ್ದರೂ ಹೆಚ್ಚೇನೂ ದಕ್ಕುತ್ತಿರಲಿಲ್ಲ. ಆಶ್ರಯ ರಾಜ್ಯದ ನ್ಯಾಯಾಲಯ ನೋಡಬಹುದಾದ ಸಂಗತಿಗಳು ನಾಲ್ಕೇ ಎಂದು 1978ರ ಮಿಷಿಗನ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದಪತ್ರ ಸರಿಯಿದೆಯೆ, ಆರೋಪ ದಾಖಲಾಗಿದೆಯೆ, ಹಿಡಿದಿರುವುದು ಅದೇ ವ್ಯಕ್ತಿಯನ್ನೆ, ಆತ ಓಡಿಬಂದವನೆ? ತಪ್ಪಿತಸ್ಥನೋ ಅಲ್ಲವೋ ಎಂಬುದು ಅಲ್ಲಿನ ಪ್ರಶ್ನೆಯಲ್ಲ.

ತೊಡಕು ಹುಟ್ಟುವುದು ಗವರ್ನರ್ ಸಹಿ ಹಾಕದಿದ್ದಾಗ. (ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಜನರಿಂದ ಆಯ್ಕೆಯಾಗುವ, ಮುಖ್ಯಮಂತ್ರಿಗೆ ಹೋಲಿಸಬಹುದಾದ ಹುದ್ದೆ.) 1859ರಲ್ಲಿ ವಿಲ್ಲಿಸ್ ಲಾಗೋ ಎಂಬ ಸ್ವತಂತ್ರ ಕಪ್ಪುವರ್ಣೀಯ, ಷಾರ್ಲಟ್ ಎಂಬ ಗುಲಾಮ ಯುವತಿ ಕೆಂಟಕಿಯಿಂದ ತಪ್ಪಿಸಿಕೊಳ್ಳಲು ನೆರವಾದನೆಂದು ಅಲ್ಲಿ ದೋಷಾರೋಪವಾಯಿತು. ಲಾಗೋ ಓಹಿಯೋದಲ್ಲಿದ್ದ. ಅವನನ್ನು ಒಪ್ಪಿಸಲು ಓಹಿಯೋದ ಗವರ್ನರ್ ವಿಲಿಯಂ ಡೆನಿಸನ್ ಒಪ್ಪಲಿಲ್ಲ. ಮನುಷ್ಯನೊಬ್ಬನ ಬಿಡುಗಡೆಗೆ ಕೈಜೋಡಿಸುವುದು ತಮ್ಮ ರಾಜ್ಯದಲ್ಲಿ ಅಪರಾಧವೇ ಅಲ್ಲವೆಂಬುದು ಓಹಿಯೋದ ವಾದ.

1861ರ ಮಾರ್ಚ್‌ನಲ್ಲಿ, ಅಂತರ್ಯುದ್ಧದ ಮೊದಲ ಗುಂಡು ಹಾರಲು ನಾಲ್ಕು ವಾರವಷ್ಟೇ ಉಳಿದಿದ್ದಾಗ, ತೀರ್ಪು ಬಂತು. ಬರೆದವರು ಅದೇ ಟೇನಿ. ಯಾವುದು ಅಪರಾಧವೆಂದು ತೀರ್ಮಾನಿಸುವುದು ಕೇಳುವ ರಾಜ್ಯದ ಕಾನೂನೇ ಹೊರತು ಕೊಡುವ ರಾಜ್ಯದ್ದಲ್ಲ. ಒಪ್ಪಿಸುವುದು ಗವರ್ನರ್ ಕರ್ತವ್ಯ. ಆದರೆ ಆ ಕರ್ತವ್ಯವನ್ನು ಮಾಡಿಸುವ ಅಧಿಕಾರ ಕೇಂದ್ರ ಸರಕಾರಕ್ಕಾಗಲಿ ನ್ಯಾಯಾಲಯಕ್ಕಾಗಲಿ ಇಲ್ಲ! ಗುಲಾಮಗಿರಿಯ ಪರ ನಿಂತ ನ್ಯಾಯಮೂರ್ತಿ ಕೆಂಟಕಿಗೆ ತತ್ತ್ವವನ್ನು ಕೊಟ್ಟು ಮನುಷ್ಯನನ್ನು ಕೊಡಲಿಲ್ಲ. ಅಷ್ಟರಲ್ಲಿ ಲಿಂಕನ್ ಅಧ್ಯಕ್ಷರಾಗಿದ್ದರು. ಗವರ್ನರುಗಳ ಮೇಲೆ ಕೇಂದ್ರಕ್ಕೆ ಅಧಿಕಾರವಿದೆಯೆಂದರೆ ಅದು ದಕ್ಷಿಣದ ರಾಜ್ಯಗಳಿಗೇ ಉರುಳಾದೀತೆಂಬ ಲೆಕ್ಕಾಚಾರ ಅದರ ಹಿಂದಿತ್ತೆಂದು ಓದುವವರಿದ್ದಾರೆ. ಕಾಲದ ಸಂದರ್ಭವನ್ನು ನೋಡಿದರೆ ಆ ಓದು ಅಸಹಜವೆನಿಸುವುದಿಲ್ಲ.

ಕೋಲಿಲ್ಲದ ಈ ಕರ್ತವ್ಯ 126 ವರ್ಷ ಬಾಳಿತು. ಅದರ ಆಶ್ರಯದಲ್ಲಿ ಕೆಲವರು ಬದುಕಿಕೊಂಡರು. ಅಲಬಾಮದ ಸ್ಕಾಟ್ಸ್‌ಬರೊ ಪ್ರಕರಣದಲ್ಲಿ ಅನ್ಯಾಯವಾಗಿ ಶಿಕ್ಷೆಗೊಳಗಾಗಿ ಸೆರೆಮನೆಯಿಂದ ತಪ್ಪಿಸಿಕೊಂಡಿದ್ದ ಹೇವುಡ್ ಪ್ಯಾಟರ್ಸನ್‌ನನ್ನು ಹಿಂದಿರುಗಿಸಲು ಮಿಷಿಗನ್ ಗವರ್ನರ್ 1950ರಲ್ಲಿ ನಿರಾಕರಿಸಿದರು. ಮೂಲನಿವಾಸಿಗಳ ಹೋರಾಟದ ನಾಯಕ ಡೆನ್ನಿಸ್ ಬ್ಯಾಂಕ್ಸ್ ಅವರನ್ನು ದಕ್ಷಿಣ ಡಕೋಟಕ್ಕೆ ಒಪ್ಪಿಸಲು ಕ್ಯಾಲಿಫೋರ್ನಿಯದ ಗವರ್ನರ್ ಜೆರ್ರಿ ಬ್ರೌನ್ 1978ರಲ್ಲಿ ಒಪ್ಪಲಿಲ್ಲ. 1983ರಲ್ಲಿ ಬ್ರೌನ್ ಅಧಿಕಾರದಿಂದಿಳಿಯುತ್ತಲೇ ಬ್ಯಾಂಕ್ಸ್ ನ್ಯೂಯಾರ್ಕಿನ ಒನಂಡಾಗ ಮೂಲನಿವಾಸಿ ನೆಲೆಗೆ ಸರಿದರು. ಮರುವರ್ಷ ತಾವೇ ಹೋಗಿ ಶರಣಾದರು. ಗವರ್ನರ್ ಕೊಡುವ ರಕ್ಷಣೆಗೆ ಗವರ್ನರ್ ಅವಧಿಯಷ್ಟೇ ಆಯುಸ್ಸು.

ಇದೇ ವ್ಯವಸ್ಥೆಗೆ ಮತ್ತೊಂದು ಮುಖವೂ ಇತ್ತು. 1981ರಲ್ಲಿ ಪೋರ್ಟೊರಿಕೊದಲ್ಲಿ ದಂಪತಿಯ ಮೇಲೆ ಕಾರು ಹಾಯಿಸಿ, ಗರ್ಭಿಣಿಯ ಸಾವಿಗೆ ಕಾರಣನಾದನೆಂಬ ಆರೋಪ ಹೊತ್ತ ಬಿಳಿಯನೊಬ್ಬ ಜಾಮೀನಿನ ಮೇಲೆ ಹೊರಬಂದು ಅಯೋವಾಕ್ಕೆ ಹೋಗಿ ಕುಳಿತ. ಅಲ್ಲಿ ಬಿಳಿಯನಿಗೆ ನ್ಯಾಯ ಸಿಗದೆಂಬ ವಾದವನ್ನು ಮುಂದಿಟ್ಟು ಅಯೋವಾ ಅವನನ್ನು ಒಪ್ಪಿಸಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿ, 1987ರಲ್ಲಿ ಟೇನಿಯ ಹಳೆಯ ತೀರ್ಪನ್ನು ಕಿತ್ತೊಗೆಯಲಾಯಿತು. ಇನ್ನು ಮುಂದೆ ಫೆಡರಲ್ ನ್ಯಾಯಾಲಯಗಳು ಗವರ್ನರುಗಳಿಗೆ ಆಜ್ಞೆ ಮಾಡಬಹುದು. ಆ ತೀರ್ಪು ಬರೆದವರು ಥರ್ಗುಡ್ ಮಾರ್ಷಲ್, ಆ ನ್ಯಾಯಾಲಯದ ಮೊದಲ ಕಪ್ಪುವರ್ಣೀಯ ನ್ಯಾಯಮೂರ್ತಿ. ಟೇನಿಯ ಕಣ್ಣಿನಲ್ಲಿ ಪ್ರಜೆಯೇ ಆಗಿರದಿದ್ದವರ ವಂಶದವರು ಟೇನಿಯ ಮಾತನ್ನು ಅಳಿಸಿದರು.

ಹಾಗಾದರೆ ನ್ಯೂಯಾರ್ಕ್ ಹೇಗೆ ನಿಂತಿದೆ?

ಈ ಪ್ರಶ್ನೆಯಲ್ಲೇ ಇಂದಿನ ಪ್ರಕರಣದ ಗಂಟಿದೆ. 1987ರ ನಂತರ ಗವರ್ನರ್ ಇಷ್ಟವಿಲ್ಲವೆಂದು ಸುಮ್ಮನಿರುವಂತಿಲ್ಲ. ಮಾತ್ರೆ ಕಳುಹಿಸುವುದು ನಮ್ಮಲ್ಲಿ ಅಪರಾಧವಲ್ಲ ಎನ್ನುವಂತೆಯೂ ಇಲ್ಲ. ಅಪರಾಧ ಯಾವುದೆಂದು ಕೇಳುವ ರಾಜ್ಯವೇ ಹೇಳಬೇಕೆಂಬ 1861ರ ಮಾತು ಇನ್ನೂ ಜೀವಂತವಾಗಿದೆ. ಉಳಿದಿರುವ ಬಾಗಿಲು ಒಂದೇ, ಅದು ಸಂವಿಧಾನದ ಓಡಿಹೋಗು ಎಂಬ ಕ್ರಿಯಾಪದ. ಅಪರಾಧ ನಡೆದಾಗ ಆ ರಾಜ್ಯದಲ್ಲಿ ಇಲ್ಲದವನು ಅಲ್ಲಿಂದ ಓಡಿಹೋದವನಾಗುವುದಾದರೂ ಹೇಗೆ? ಟೆನೆಸಿ ರಾಜ್ಯ ಕೇಳಿದ್ದ ಕಾರ್ಕ್ರನ್ ಎಂಬ ವ್ಯಾಪಾರಿ ಕೃತ್ಯದ ದಿನ ಅಲ್ಲಿರಲೇ ಇಲ್ಲವೆಂದು ನ್ಯೂಯಾರ್ಕಿನ ನ್ಯಾಯಾಲಯ ಬಿಟ್ಟುಬಿಟ್ಟಿತ್ತು. 1903ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ದೂರದಲ್ಲಿ ಕುಳಿತು ಒಂದು ರಾಜ್ಯದೊಳಗೆ ಹಾನಿಯೆಸಗಿದವನನ್ನು ಆ ರಾಜ್ಯ ಶಿಕ್ಷಿಸಬಹುದೆಂದು 1911ರಲ್ಲಿ ಅದೇ ನ್ಯಾಯಾಲಯ ಹೇಳಿರುವುದೂ ನಿಜ. ಆದರೆ ಶಿಕ್ಷಿಸುವ ಅಧಿಕಾರ ಬೇರೆ, ಹಿಡಿದು ತರಿಸುವ ಹಕ್ಕು ಬೇರೆ.

ಈ ಅಂತರವನ್ನು ತುಂಬಲೆಂದೇ 1936ರ ಏಕರೂಪ ಹಸ್ತಾಂತರ ಕಾಯ್ದೆಯ ಮಾದರಿ ಬಂದಿತು. ಬಹುತೇಕ ರಾಜ್ಯಗಳು ಅದನ್ನು ಒಪ್ಪಿಕೊಂಡಿವೆ. ಓಡಿಬರದಿದ್ದರೂ ಹೊರಗಿನಿಂದ ಅಪರಾಧವೆಸಗಿದವನನ್ನು ಒಪ್ಪಿಸಬಹುದು ಎನ್ನುತ್ತದೆ ಅದು. ಒಪ್ಪಿಸಬಹುದು, ಒಪ್ಪಿಸಲೇಬೇಕೆಂದಿಲ್ಲ. 2022ರ ಜೂನ್ 24ರ ಡಾಬ್ಸ್ ತೀರ್ಪು ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದ ಮೇಲೆ ನ್ಯೂಯಾರ್ಕ್ ಮುಂತಾದ ರಾಜ್ಯಗಳು ರಚಿಸಿದ ಗುರಾಣಿ ಕಾನೂನುಗಳು ಈ ಸಂದಿಯಲ್ಲೇ ನಿಂತಿವೆ. ತಮ್ಮ ಪೊಲೀಸರು, ನ್ಯಾಯಾಲಯಗಳು ಹೊರರಾಜ್ಯದ ಇಂಥ ತನಿಖೆಗಳಿಗೆ ಕೈಜೋಡಿಸಬಾರದೆಂದು ಅವು ವಿಧಿಸುತ್ತವೆ. ನೂರೆಂಬತ್ತು ವರ್ಷಗಳ ಹಿಂದೆ ಉತ್ತರದ ರಾಜ್ಯಗಳು ಗುಲಾಮರ ಬೇಟೆಗಾರರಿಗೆ ತಮ್ಮ ಅಧಿಕಾರಿಗಳು, ಸೆರೆಮನೆಗಳು ಸಿಗದಂತೆ ಮಾಡಿದ್ದ ಕಾನೂನುಗಳ ನೆನಪಾಗುವುದು ಸಹಜ. ಆಗ ಕಾಂಗ್ರೆಸ್ ಸುಮ್ಮನಿರಲಿಲ್ಲ. 1850ರ ಕಾಯ್ದೆಯಡಿ ನೇಮಕವಾದ ಕಮಿಷನರ್, ಹಿಡಿದವನನ್ನು ಮಾಲೀಕನಿಗೆ ಒಪ್ಪಿಸಿದರೆ 10 ಡಾಲರ್, ಬಿಟ್ಟರೆ 5 ಡಾಲರ್ ಸಂಭಾವನೆ ಪಡೆಯುತ್ತಿದ್ದ!

ಈ ಹೋಲಿಕೆಯನ್ನು ಗರ್ಭಪಾತ ವಿರೋಧಿಗಳು ಒಪ್ಪುವುದಿಲ್ಲ. ತಮ್ಮ ನೆಲದಲ್ಲಿ ನಡೆದ ಹಾನಿಗೆ ಹೊಣೆಯಾದವರು ನೆರೆರಾಜ್ಯದ ಅಂಗಳದಲ್ಲಿ ನಿಂತು ನಗುವಂತಾದರೆ ಕಾನೂನಿಗೆ ಬೆಲೆಯೆಲ್ಲಿ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ವಿಷಯ ಗರ್ಭಪಾತವಾಗಿರದೆ ಅಂಚೆಯಲ್ಲಿ ಬಂದ ವಿಷವಾಗಿದ್ದರೆ ನ್ಯೂಯಾರ್ಕ್ ಇದೇ ವ್ಯಾಖ್ಯಾನಕ್ಕೆ ಅಂಟಿಕೊಳ್ಳುತ್ತಿತ್ತೆಂದು ಹೇಳುವುದು ಕಷ್ಟ. ಕುದುರೆಯೇರಿ ನದಿ ದಾಟಿ ಓಡುವ ಮನುಷ್ಯನನ್ನು ಕಣ್ಣಮುಂದಿಟ್ಟುಕೊಂಡು ಬರೆದ ಸಾಲಿಗೆ, ಮನುಷ್ಯ ನಿಂತಲ್ಲೇ ನಿಂತು ಕೃತ್ಯ ಮಾತ್ರ ಗಡಿ ದಾಟುವ ಕಾಲ ಬಂದೀತೆಂಬ ಊಹೆ ಇರಲಿಲ್ಲ.

ಭಾರತದಲ್ಲಿ ಈ ತೊಡಕು ಈ ರೂಪದಲ್ಲಿ ಹುಟ್ಟದು. ಇಡೀ ದೇಶಕ್ಕೆ ಬಹುಪಾಲು ಒಂದೇ ದಂಡಸಂಹಿತೆ, ಒಂದೇ ಪ್ರಕ್ರಿಯಾ ಸಂಹಿತೆ; ವಾರಂಟನ್ನು ಎಲ್ಲಿ ಬೇಕಾದರೂ ಜಾರಿಮಾಡಬಹುದು, ಮುಖ್ಯಮಂತ್ರಿಯ ಸಹಿ ಬೇಕಿಲ್ಲ. ನಮ್ಮಲ್ಲಿನ ಜಗಳ ಪೊಲೀಸರ ನಡುವಿನದು. 2021ರ ಫೆಬ್ರುವರಿಯಲ್ಲಿ ದೆಹಲಿ ಪೊಲೀಸರು ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿ ಅವರನ್ನು ಸ್ಥಳೀಯ ನ್ಯಾಯಾಧೀಶರ ಮುಂದೆ ಹಾಜರುಪಡಿಸದೆಯೇ ಕರೆದೊಯ್ದರೆಂಬ ಆಕ್ಷೇಪ ಎದ್ದಿತ್ತು. ಬೇರೆ ರಾಜ್ಯದಲ್ಲಿ ಎಫ್‌ಐಆರ್ ದಾಖಲಾಗಿದ್ದರೂ ತಾನಿರುವಲ್ಲಿನ ನ್ಯಾಯಾಲಯದಿಂದ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ರಾಜಸ್ಥಾನದಲ್ಲಿ ಪತ್ನಿ ನೀಡಿದ್ದ ದೂರಿನಿಂದ ಹುಟ್ಟಿದ ಆ ಪ್ರಕರಣದ ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು.

ಅಮೆರಿಕಕ್ಕೆ ಮರಳಿದರೆ, ಗಡಿ ದಾಟುವ ಮಹಿಳೆಯ ಹಕ್ಕು ಸದ್ಯಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಬೇರೆ ರಾಜ್ಯಕ್ಕೆ ಹೋಗಿ ಗರ್ಭಪಾತ ಮಾಡಿಸಿಕೊಳ್ಳುವುದನ್ನು ತಡೆಯಲಾಗದೆಂದು ಡಾಬ್ಸ್ ತೀರ್ಪಿಗೆ ಸಹಮತ ಸೂಚಿಸಿದ ನ್ಯಾಯಮೂರ್ತಿ ಬ್ರೆಟ್ ಕವನಾ ಅವರೇ ಬರೆದಿದ್ದಾರೆ. ಅಂಥ ಪ್ರಯಾಣಕ್ಕೆ ನೆರವಾದವರ ಮೇಲೆ ಅಲಬಾಮ ಮೊಕದ್ದಮೆ ಹೂಡುವಂತಿಲ್ಲವೆಂದು ಅಲ್ಲಿನ ಫೆಡರಲ್ ನ್ಯಾಯಾಧೀಶರು 2025ರ ಮಾರ್ಚ್‌ನಲ್ಲಿ ತೀರ್ಪಿತ್ತರು. ಬಸ್ಸಿನ ಖರ್ಚು, ರಜೆ, ಮಕ್ಕಳನ್ನು ನೋಡಿಕೊಳ್ಳುವವರು ಇದ್ದವರಿಗೆ ಈ ಹಕ್ಕು ಉಂಟು. ಇಲ್ಲದವರೇ ಮಾತ್ರೆಯನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ.

ಓಡಿಹೋದವರಲ್ಲ ಎಂಬ ಕಾರಣಕ್ಕೆ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿರುವ ವೈದ್ಯೆ, ಲೂಸಿಯಾನಕ್ಕೆ ಸಹಕರಿಸುವ ಯಾವ ರಾಜ್ಯದಲ್ಲಿ ವಿಮಾನ ಇಳಿದರೂ ಬಂಧನಕ್ಕೊಳಗಾಗಬಹುದು. ಎಲ್ಲ ರಾಜ್ಯಗಳಲ್ಲೂ ಸಮಾನ ಪ್ರಜೆ ಎಂಬ ಮೊದಲ ವಾಕ್ಯಖಂಡ ಅವರ ಪಾಲಿಗೆ ಕೆಲವೇ ರಾಜ್ಯಗಳಷ್ಟು ಅಗಲಕ್ಕೆ ಕುಗ್ಗಿದೆ. ಗ್ರ್ಯಾಂಡ್ ಜ್ಯೂರಿಯ ಅದೇ ದೋಷಾರೋಪದಲ್ಲಿ ಬಾಲಕಿಯ ತಾಯಿಯ ಹೆಸರೂ ಇದೆ. ಅವರು ಲೂಸಿಯಾನದ ನಿವಾಸಿ. ಅವರ ವಿಷಯದಲ್ಲಿ ಯಾವ ಗವರ್ನರ್ ಸಹಿಯೂ ಬೇಕಾಗಿರಲಿಲ್ಲ.